ಇಗ್ವಾನಾ ಮತ್ತು ಅಳತೆ ಬ್ಲೌಸು

ನನ್ನ ಬೀರುವಿನಲ್ಲಿ ಒಂದು ಅಳತೆ ಬ್ಲೌಸ್ ಇದೆ. ಗಿಳಿಹಸಿರು ಬಣ್ಣ, ತೋಳಿನ ಅಂಚಿಗೆ ತೆಳುವಾದ ಜರಿ. 22ನೇ ವಯಸ್ಸಿನಲ್ಲಿ ಹೊಲಿಸಿದ್ದು. ಈಗ ನನಗೆ 36. ಅದು ನನಗೆ ಹಿಡಿಸುವುದು ನಿಂತು ಎಷ್ಟೋ ವರ್ಷ ಆಯಿತು. ಆದರೂ ಟೈಲರ್ ಅಂಗಡಿಗೆ ಹೋಗುವಾಗೆಲ್ಲ ಅದನ್ನೇ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ. “ಇದೇ ಅಳತೆ ಮಾಸ್ಟ್ರೇ, ಸುತ್ತ ಸ್ವಲ್ಪ ಜಾಸ್ತಿ ಇಡಿ, ಒಳಗೆ ಬಟ್ಟೆ ಬಿಡಿ” ಅನ್ನುತ್ತೇನೆ. ಆ ‘ಸ್ವಲ್ಪ’ ಮೊದಲು ಒಂದು ಇಂಚಿತ್ತು. ಈಗ ಎಷ್ಟು ಅಂತ ಅವರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕಣ್ಣಳತೆಯಲ್ಲೇ ಹೊಲಿದು ಕೊಡುತ್ತಾರೆ. ಒಳ್ಳೆಯ ಮನುಷ್ಯ.

ಟೇಪು ಮೈ ಸುತ್ತ ಬರುವುದು ಬೇಡ, ಅಷ್ಟೇ. ಅವರು ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳುವುದು, ಮಷೀನ್ ಹಿಂದಿನ ಹುಡುಗ ಉದ್ದನೆ ಪುಸ್ತಕದಲ್ಲಿ ಬರೆದುಕೊಳ್ಳುವುದು, ಸೀರೆಗೆ ಫಾಲ್ಸ್ ಹಾಕಿಸಲು ಬಂದು ಬೆಂಚಿನ ಮೇಲೆ ಕೂತವರು ಅದನ್ನೆಲ್ಲ ಕೇಳಿಸಿಕೊಳ್ಳುವುದು, ಇದ್ಯಾವುದೂ ಬೇಡ.

ಈ ವಿಷಯ ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳುವಂಥದ್ದು ಅಂತಲೂ ಅನ್ನಿಸಿರಲಿಲ್ಲ. ಹಾಗೆ ಅನ್ನಿಸಿದ್ದು ಫ್ರಾಕ್ ಹಾಕಿಕೊಂಡ ಒಂದು ಇಗ್ವಾನಾವನ್ನು ನೋಡಿದ ಮೇಲೆ.

ಅದು ಜಪಾನಿನ ಮೋಟೋ ಹಾಗಿಯೋ ಅವರ ಮಾಂಗಾ, ಅಂದರೆ ಚಿತ್ರಗಳಲ್ಲೇ ಹೇಳುವ ಕತೆ. 1992ರದ್ದು. ಜಪಾನಿಯಲ್ಲಿ ‘ಇಗುಆನಾ ನೋ ಮುಸುಮೆ’, ಅಂದರೆ ಇಗ್ವಾನಾ ಮಗಳು. ಐವತ್ತು ಪುಟದಷ್ಟಿದೆ, ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು. ಆಫೀಸಿನ ಗೆಳತಿಯೊಬ್ಬಳು ತನ್ನ ಇಂಗ್ಲಿಷ್ ಅನುವಾದದ ಪುಸ್ತಕ ಕೊಟ್ಟಿದ್ದಳು. “ಬಲದಿಂದ ಎಡಕ್ಕೆ ಓದ್ಬೇಕು ಕಣೆ” ಅಂತ ಎರಡು ಸಲ ಹೇಳಿದ್ದಳು. ಆದರೂ ಮೊದಲ ನಾಲ್ಕು ಪುಟ ಎಡದಿಂದಲೇ ಓದಿ, ಏನೂ ಅರ್ಥವಾಗದೆ, ಜಪಾನಿಗರಿಗೆ ಕತೆ ಹೇಳಲು ಬರುವುದಿಲ್ಲ ಅಂತ ತೀರ್ಮಾನಿಸಿಬಿಟ್ಟಿದ್ದೆ.

ಕತೆ ಹೀಗಿದೆ. ಒಬ್ಬಳು ತಾಯಿಗೆ ಮೊದಲ ಮಗು ಹುಟ್ಟುತ್ತದೆ. ಹೆಣ್ಣು. ನೋಡಿದರೆ ಇಗ್ವಾನಾ. ಹಲ್ಲಿ ಜಾತಿಯ ಆ ದೊಡ್ಡ ಪ್ರಾಣಿ ಇದೆಯಲ್ಲ, ಅದೇ. ಗಂಡನಿಗೆ ಮಾತ್ರ ಮುದ್ದಾದ ಮಗು ಕಾಣುತ್ತದೆ. ಊರಿಗೆಲ್ಲ ಹಾಗೇ ಕಾಣುತ್ತದೆ. ಇಗ್ವಾನಾ ಕಾಣುವುದು ತಾಯಿಯ ಕಣ್ಣಿಗೆ ಮಾತ್ರ. ಅವಳಿಗೆ ಆ ಮಗುವನ್ನು ಮುಟ್ಟಲು ಆಗುವುದಿಲ್ಲ. ಆಮೇಲೆ ಎರಡನೆಯ ಮಗಳು ಹುಟ್ಟುತ್ತಾಳೆ. ಅವಳು ಮನುಷ್ಯರ ಮಗು. ಮನೆಯ ಮುದ್ದೆಲ್ಲ ಅವಳಿಗೆ.

ದೊಡ್ಡವಳ ಹೆಸರು ರಿಕಾ. ಓದಿನಲ್ಲಿ ಮುಂದು, ಆಟದಲ್ಲೂ ಮುಂದು. ಹುಡುಗರು ತಿರುಗಿ ನೋಡುವಷ್ಟು ಚೆಂದ. ಆದರೆ ಅವಳು ಕನ್ನಡಿ ನೋಡಿಕೊಂಡರೆ ಅಲ್ಲಿ ಇರುವುದು ಇಗ್ವಾನಾ. ಅಮ್ಮ ಹಾಗಂದ ಮೇಲೆ ಮುಗೀತಲ್ವಾ? ಒಬ್ಬ ಹುಡುಗನನ್ನು ಇಷ್ಟಪಟ್ಟರೂ ಹಿಂದೆ ಸರಿಯುತ್ತಾಳೆ. ಮದುವೆಯಾಗಿ ಇಗ್ವಾನಾ ಮಕ್ಕಳು ಹುಟ್ಟಿಬಿಟ್ಟರೆ ಅಂತ ಭಯ.

ಇಷ್ಟನ್ನು ಮಾತಿನಲ್ಲಿ ಹೇಳಿದರೆ ಮಕ್ಕಳ ಕತೆ ಹಾಗೆ ಕೇಳುತ್ತದೆ. ಪುಟ ತೆರೆದರೆ ಬೇರೆಯೇ. ಹಾಗಿಯೋ ರಿಕಾಳನ್ನು ಇಗ್ವಾನಾ ಆಗಿಯೇ ಬಿಡಿಸಿದ್ದಾರೆ. ಊಟದ ಮೇಜಿನಲ್ಲಿ ತಂಗಿಯ ಪಕ್ಕ ಇಗ್ವಾನಾ ಕೂತಿದೆ. ಶಾಲೆಯಲ್ಲಿ ಗೆಳತಿಯರ ನಡುವೆ ಇಗ್ವಾನಾ ನಡೆಯುತ್ತಿದೆ. ಗೆಳತಿಯರು ಅದರ ಜೊತೆ ಮಾಮೂಲಿಯಂತೆ ಮಾತಾಡುತ್ತಿದ್ದಾರೆ. ಮೊದಲು ನಗು ಬರುತ್ತದೆ. ಹತ್ತು ಪುಟ ಕಳೆಯುವಷ್ಟರಲ್ಲಿ ಆ ನಗು ಎಲ್ಲೋ ಸಿಕ್ಕಿಕೊಳ್ಳುತ್ತದೆ. ಯಾಕೆಂದರೆ ಆಗ ಗೊತ್ತಾಗುತ್ತದೆ, ಆ ಚಿತ್ರದೊಳಗೆ ಇರುವ ಯಾರಿಗೂ ಕಾಣದ್ದು ನಮಗೆ ಕಾಣುತ್ತಿದೆ. ರಿಕಾಳಿಗೆ ಅವಳು ಹೇಗೆ ಕಾಣುತ್ತಾಳೋ ಹಾಗೆಯೇ ಅವಳನ್ನು ನೋಡುತ್ತಿರುವವರು ಲೋಕದಲ್ಲಿ ಇಬ್ಬರೇ. ಅವಳ ಅಮ್ಮ ಮತ್ತು ಪುಸ್ತಕ ಹಿಡಿದ ನಾನು.

ನಾನೇ ಈ ಕತೆ ಕನ್ನಡದಲ್ಲಿ ಬರೆದಿದ್ದರೆ ಏನಂತ ಬರೆಯುತ್ತಿದ್ದೆ? “ಅವಳಿಗೆ ತಾನು ಇಗ್ವಾನಾ ಥರ ಇದ್ದೀನಿ ಅನ್ನಿಸುತ್ತಿತ್ತು.” ಆ ‘ಥರ’ ಬಂದ ಕೂಡಲೇ ಎಲ್ಲ ಹಾಳು. ‘ಥರ’ ಅಂದರೆ ಅದು ಹಾಗಲ್ಲ ಅಂತ ಬರೆದವಳಿಗೂ ಗೊತ್ತು, ಓದುವವರಿಗೂ ಗೊತ್ತು. ಪಾಪ, ಅವಳಿಗೆ ಮಾತ್ರ ಹಾಗನ್ನಿಸುತ್ತೆ ಅಂತ ನಾವೆಲ್ಲ ಈ ಕಡೆ ಕ್ಷೇಮವಾಗಿ ನಿಂತುಬಿಡುತ್ತೇವೆ. ಚಿತ್ರದಲ್ಲಿ ‘ಥರ’ ಇಲ್ಲ. ಬಿಡಿಸಿದರೆ ಇಗ್ವಾನಾ, ಬಿಡಿಸದಿದ್ದರೆ ಇಲ್ಲ. ಮೈ ಬಗ್ಗೆ ಕೀಳಾಗಿ ಅನ್ನಿಸುವುದು ಒಳಗಿನಿಂದ ಹೇಗಿರುತ್ತದೆ ಅಂತ ಅನುಭವಿಸಿದವರಿಗೆ ಗೊತ್ತು. ಅಲ್ಲೂ ‘ಥರ’ ಇರುವುದಿಲ್ಲ. ಟ್ರಯಲ್ ರೂಮಿನ ಆ ಹಾಳು ಬೆಳಕಿನಲ್ಲಿ ನಿಂತಾಗ ‘ನಾನು ದಪ್ಪ ಕಾಣ್ತಿದೀನಿ ಅಂತ ನನಗನ್ನಿಸ್ತಿದೆ’ ಅಂತ ಯಾರಾದರೂ ಅಂದುಕೊಳ್ಳುತ್ತಾರಾ? ಕಂಡದ್ದು ಕಂಡ ಹಾಗೆ ಇರುತ್ತದೆ.

ಹಾಗಿಯೋ ಹುಟ್ಟಿದ್ದು 1949ರಲ್ಲಿ, ಕ್ಯೂಶು ದ್ವೀಪದ ಓಮುತಾ ಅನ್ನುವ ಗಣಿ ಊರಿನಲ್ಲಿ. ಮಾಂಗಾ ಬಿಡಿಸುವುದು ಅಪ್ಪ ಅಮ್ಮನಿಗೆ ಇಷ್ಟವಿರಲಿಲ್ಲ. 1969ರಲ್ಲಿ ಮೊದಲ ಕತೆ ಅಚ್ಚಾಗಿ, ಆಮೇಲೆ ದೊಡ್ಡ ಹೆಸರು ಬಂದ ಮೇಲೂ ಮನೆಯಲ್ಲಿ ಆ ವಿರೋಧ ಬಹಳ ಕಾಲ ಹೋಗಲಿಲ್ಲ. ತಾಯಿಯ ಜೊತೆಗಿನ ಆ ಜಗ್ಗಾಟವೇ ಈ ಕತೆಯ ಬೇರು ಅಂತ ಅವರು ಸಂದರ್ಶನಗಳಲ್ಲಿ ಮುಚ್ಚಿಡದೆ ಹೇಳಿದ್ದಾರೆ. ನೇರವಾಗಿ ಅಮ್ಮ ಮಗಳ ಕತೆ ಬರೆಯಲು ಕೈ ಬರಲಿಲ್ಲ, ಇಗ್ವಾನಾ ಸಿಕ್ಕ ಮೇಲೆ ಬಂತು. ಎಷ್ಟೋ ಸಲ ಹಾಗೇ ಅಲ್ವಾ? ನಿಜ ಹೇಳಲು ಬೇರೆ ಯಾವುದಾದರೂ ಪ್ರಾಣಿಯ ಮೈ ಬೇಕಾಗುತ್ತದೆ. ಪಂಚತಂತ್ರದವರಿಗೂ ಇದು ಗೊತ್ತಿತ್ತು.

ನನ್ನ ಅಮ್ಮ ನನ್ನನ್ನು ಇಗ್ವಾನಾ ಅಂದವಳಲ್ಲ. ಅಮ್ಮನದು ಬೇರೆ ರೀತಿ. ಬಿಸಿ ಅನ್ನಕ್ಕೆ ತಾನೇ ಎರಡು ಚಮಚ ತುಪ್ಪ ಸುರಿದು, ತಿನ್ನು ತಿನ್ನು ಅಂತ ಇನ್ನೊಂದು ಹಿಡಿ ಅನ್ನ ಹಾಕಿ, ನಾನು ಅರ್ಧ ತಿಂದಾಗ ತಟ್ಟೆಯನ್ನೇ ನೋಡುತ್ತಾ “ಸಾಕು ಕಣೆ” ಅನ್ನುತ್ತಿದ್ದಳು. ಅಂಗಡಿಯಲ್ಲಿ ನಾನು ಹಳದಿ ಚೂಡಿದಾರ್ ಎತ್ತಿಕೊಂಡರೆ ಮೆಲ್ಲಗೆ ಕೈಯಿಂದ ತೆಗೆದು ಕಪ್ಪು ಕೊಡುತ್ತಿದ್ದಳು. “ಆ ಬಣ್ಣ ಬೇಡ, ಇನ್ನೂ ಎದ್ದು ಕಾಣುತ್ತೆ.” ಏನು ಎದ್ದು ಕಾಣುತ್ತೆ ಅಂತ ಹೇಳುತ್ತಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಮದುವೆ ಮನೆಗಳಲ್ಲಿ ಅತ್ತೆ, ಚಿಕ್ಕಮ್ಮಂದಿರು ಎಲ್ಲರೆದುರು ಹೇಳುತ್ತಿದ್ದದ್ದು ನನಗೆ ಅಷ್ಟು ತಾಗುತ್ತಿರಲಿಲ್ಲ. ಅವರು ಎಲ್ಲರಿಗೂ ಏನಾದರೊಂದು ಹೇಳುವವರೇ. ಒಬ್ಬರಿಗೆ ಸೊರಗಿದ್ದೀಯ, ಒಬ್ಬರಿಗೆ ಕಪ್ಪಾಗಿದ್ದೀಯ. ಅಮ್ಮನ ‘ಸಾಕು ಕಣೆ’ ಮಾತ್ರ ಇವತ್ತಿಗೂ ಮೂರನೇ ತುತ್ತಿಗೆ ಕಿವಿಯಲ್ಲಿ ಕೇಳಿಸುತ್ತದೆ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೊದಲ ವರ್ಷ ಪೀಜಿಯಲ್ಲಿದ್ದೆ. ರೂಮಿನಲ್ಲಿ ಜೊತೆಗಿದ್ದವಳಿಗೆ ರಾತ್ರಿ ಪಾಳಿ. ನಾನು ಬರುವಷ್ಟರಲ್ಲಿ ಅವಳು ಹೊರಟಿರುತ್ತಿದ್ದಳು. ದಾರಿಯಲ್ಲಿ ಒಂದು ಚಿಕ್ಕ ಹೋಟೆಲ್. ಅಲ್ಲಿ ಎರಡು ಪ್ಲೇಟ್ ಪರೋಟ, ಒಂದು ಗೋಬಿ ಪಾರ್ಸಲ್ ಹೇಳುತ್ತಿದ್ದೆ. ಹೇಳಿ, ಯಾರೂ ಕೇಳದಿದ್ದರೂ, “ಇಬ್ಬರಿಗೆ” ಅಂತ ಸೇರಿಸುತ್ತಿದ್ದೆ. ಪಾರ್ಸಲ್ ಕಟ್ಟುವ ಹುಡುಗ ಅದನ್ನು ನಂಬಿ ಎರಡು ಚಟ್ನಿ ಪೊಟ್ಟಣ ಜಾಸ್ತಿ ಹಾಕುತ್ತಿದ್ದ. ರೂಮಿಗೆ ಬಂದು, ಬಾಗಿಲಿಗೆ ಚಿಲಕ ಹಾಕಿ, ಇಬ್ಬರದ್ದೂ ನಾನೇ ತಿನ್ನುತ್ತಿದ್ದೆ. ಆ ಹಸಿವು ಹೊಟ್ಟೆಯದ್ದಲ್ಲ ಅಂತ ಆಗ ಗೊತ್ತಿರಲಿಲ್ಲ. ಖಾಲಿ ಪೊಟ್ಟಣಗಳನ್ನು ಪೀಜಿಯ ಕಸದ ಡಬ್ಬಿಗೆ ಹಾಕದೆ, ಬೆಳಿಗ್ಗೆ ಬ್ಯಾಗಿನಲ್ಲಿ ತೆಗೆದುಕೊಂಡು ಹೋಗಿ ಬಸ್ ಸ್ಟಾಪಿನ ಹತ್ತಿರ ಬಿಸಾಕುತ್ತಿದ್ದೆ.

ಇದನ್ನೂ ಯಾರಿಗೂ ಹೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ನಗಾತಾ ಕಾಬಿ ಅವರ ಪುಸ್ತಕದ ಒಂದು ಪುಟದಲ್ಲಿ ಅದು ಸಿಕ್ಕಿತು.

ಕಾಬಿ ಅನ್ನುವುದು ಅವರು ತಾವೇ ಇಟ್ಟುಕೊಂಡ ಹೆಸರು. ಜಪಾನಿಯಲ್ಲಿ ಕಾಬಿ ಅಂದರೆ ಬೂಸ್ಟು. ಹಳೇ ಬ್ರೆಡ್ ಮೇಲೆ ಬರುತ್ತಲ್ಲ, ಅದು. ತನ್ನನ್ನು ಹಾಗೆ ಕರೆದುಕೊಂಡವಳು ತನ್ನ ಕತೆಯನ್ನು ತಾನೇ ಬಿಡಿಸಿ ಪಿಕ್ಸಿವ್ ಅನ್ನುವ ತಾಣದಲ್ಲಿ ಹಾಕಿದಳು. ಜನ ಮುಗಿಬಿದ್ದು ಓದಿದರು. 2016ರಲ್ಲಿ ಅದು ಪುಸ್ತಕವಾಯಿತು. ಇಂಗ್ಲಿಷಿನಲ್ಲಿ ‘ಮೈ ಲೆಸ್ಬಿಯನ್ ಎಕ್ಸ್‌ಪೀರಿಯೆನ್ಸ್ ವಿತ್ ಲೋನ್ಲಿನೆಸ್’. 2018ರಲ್ಲಿ ಕಾಮಿಕ್ಸಿಗೆ ಕೊಡುವ ಅಮೆರಿಕದ ಹಾರ್ವಿ ಪ್ರಶಸ್ತಿ ಕೂಡ ಬಂತು. ಈ ಇಂಗ್ಲಿಷ್ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ, ಯಾವುದೋ ಸೆಮಿನಾರಿನ ಪ್ರಬಂಧದ ಹಾಗಿದೆ. ಜಪಾನಿ ಹೆಸರು ಶುರುವಾಗುವುದೇ ‘ಸಬಿಶಿಸುಗಿತೆ’ ಅಂತ. ಒಂಟಿತನ ತಡೆಯೋಕಾಗದೆ. ಒಂಟಿತನ ತಡೆಯೋಕಾಗದೆ, ದುಡ್ಡು ಕೊಟ್ಟರೆ ಹೆಣ್ಣಿನ ಸಂಗ ಸಿಗುವ ಕಡೆಗೆ ಹೋಗಿಬಂದೆ, ಅದರ ವರದಿ. ಹೀಗಿದೆ ಆ ಹೆಸರು. ಕಾರಣ ಮೊದಲು, ಕೆಲಸ ಆಮೇಲೆ. ಯಾರಾದರೂ ಬಾಯಿ ತೆರೆಯುವ ಮೊದಲೇ ಕಾರಣ ಕೊಟ್ಟುಬಿಡುವ ನಮ್ಮಂಥವರ ವಾಕ್ಯ ಅದು.

28 ವರ್ಷದ ಹುಡುಗಿ. ಅಲ್ಲಿಯವರೆಗೆ ಯಾರ ಜೊತೆಗೂ ಸಂಬಂಧ ಇರಲಿಲ್ಲ. ಮೊದಲ ಪುಟದಲ್ಲೇ ಹೋಟೆಲ್ ರೂಮಿನ ಹಾಸಿಗೆ ಮೇಲೆ, ಪರಿಚಯವಿಲ್ಲದ ಹೆಣ್ಣಿನ ಮುಂದೆ ಸೆಟೆದುಕೊಂಡು ಕೂತಿದ್ದಾಳೆ. ಆಮೇಲೆ ಕತೆ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಹೈಸ್ಕೂಲು ಮುಗಿಸಿ, ಕಾಲೇಜಿಗೆ ಸೇರಿ, ಬಿಟ್ಟು, ಖಿನ್ನತೆಗೆ ಬಿದ್ದು, ಊಟವೇ ಸೇರದೆ ಕಡ್ಡಿಯಾಗಿ, ಆಮೇಲೆ ಒಮ್ಮೆಗೇ ತಿನ್ನುವುದನ್ನು ನಿಲ್ಲಿಸಲಾಗದೆ. ಕೆಲಸದ ಜಾಗದಲ್ಲಿ ಹಸಿವು ಮೇಲೆ ಬಂದಾಗ ನೀರು ಕಾಯಿಸುವಷ್ಟೂ ತಾಳ್ಮೆ ಇಲ್ಲದೆ ಇನ್‌ಸ್ಟಂಟ್ ನೂಡಲ್ಸನ್ನು ಹಸಿಯಾಗಿಯೇ ಕಡಿಯುತ್ತಾಳೆ. ಗಟ್ಟಿ ಎಳೆಗಳು ಚುಚ್ಚಿ ಬಾಯಲ್ಲಿ ರಕ್ತ. ರಕ್ತ ಬರುತ್ತಿದ್ದರೂ ಅಗಿಯುತ್ತಲೇ ಇರುತ್ತಾಳೆ.

ಆ ಪುಟವನ್ನು ನಾನು ಬಹಳ ಹೊತ್ತು ನೋಡಿದೆ. ನೋಡುವಂಥ ಚಿತ್ರವೂ ಅಲ್ಲ ಅದು. ದುಂಡು ತಲೆ, ಎರಡು ಚುಕ್ಕೆ ಕಣ್ಣು, ನಾಲ್ಕು ಗೆರೆಯ ಮೈ. ಇಡೀ ಪುಸ್ತಕದಲ್ಲಿ ಕಪ್ಪು, ಬಿಳಿ ಬಿಟ್ಟರೆ ಒಂದೇ ಬಣ್ಣ, ಗುಲಾಬಿ. ಮಕ್ಕಳ ನೋಟ್‌ಬುಕ್ಕಿನ ಹೊದಿಕೆಯ ಮೇಲೆ ಇರುವಂಥ ಗುಲಾಬಿ. ಆ ಮುದ್ದು ಗುಲಾಬಿಯಲ್ಲೇ ಕೈ ಮೇಲಿನ ಕೊಯ್ದ ಗೆರೆಗಳಿವೆ, ತಾನೇ ಕೂದಲು ಕಿತ್ತುಕೊಂಡು ಬೋಳಾದ ನೆತ್ತಿ ಇದೆ, ದಿನಗಟ್ಟಲೆ ಬದಲಿಸದ ಬಟ್ಟೆ ಇದೆ. ಇದನ್ನೆಲ್ಲ ಫೋಟೋ ಹಾಗೆ ಬಿಡಿಸಿದ್ದರೆ ನಾನು ಪುಸ್ತಕ ಮುಚ್ಚುತ್ತಿದ್ದೆ. ಮುದ್ದಾಗಿ ಬಿಡಿಸಿದ್ದರಿಂದ ಮುಚ್ಚಲಿಲ್ಲ. ಓದುವವರು ಹೆದರಬಾರದು ಅಂತ ನೋವಿಗೆ ಫ್ರಾಕ್ ಹಾಕಿಸಿ ಕೂರಿಸಿದ್ದಾಳೆ. ಅದರಲ್ಲೂ ಒಂದು ಒಂಟಿತನ ಇದೆ. ತನ್ನ ಕಷ್ಟ ಹೇಳಿಕೊಳ್ಳುವಾಗಲೂ ಎದುರಿನವರಿಗೆ ಬೇಜಾರಾಗದಂತೆ ನೋಡಿಕೊಳ್ಳುವ ಅಭ್ಯಾಸ. ನಮ್ಮ ಕಡೆ ಅದಕ್ಕೆ ಒಳ್ಳೆಯ ಹುಡುಗಿ ಅನ್ನುತ್ತಾರೆ.

ಅವಳಿಗೆ ಬೇಕಾಗಿದ್ದದ್ದು ಏನು ಅಂತ ಪುಸ್ತಕ ಓದುತ್ತಾ ಹೋದಂತೆ ಗೊತ್ತಾಗುತ್ತದೆ. ಯಾರಾದರೂ ಅಪ್ಪಿಕೊಳ್ಳಬೇಕಿತ್ತು. ಅದಕ್ಕಾಗಿ ಮೊದಲು ಹಂಬಲಿಸಿದ್ದು ಅಮ್ಮನನ್ನು. ಅಷ್ಟು ದೂರ ಹೋಗಿ, ದುಡ್ಡು ಕೊಟ್ಟು, ಬಟ್ಟೆ ಬಿಚ್ಚಿದರೂ ಅವಳಿಗೆ ಸುಖ ಅನ್ನುವಂಥದ್ದೇನೂ ಆಗುವುದಿಲ್ಲ, ಮೈ ಮರದ ಹಲಗೆ ಹಾಗೆ ಸೆಟೆದುಕೊಳ್ಳುತ್ತದೆ. ಆದರೆ ಅಲ್ಲಿಗೆ ಹೋಗುವ ಮೊದಲು ಅವಳು ಸ್ನಾನ ಮಾಡುತ್ತಾಳೆ. ಹೊಸ ಒಳಉಡುಪು ಕೊಳ್ಳುತ್ತಾಳೆ. ನನಗೆ ಇಡೀ ಪುಸ್ತಕದಲ್ಲಿ ಅತಿ ದೊಡ್ಡ ಘಟನೆ ಅಂದರೆ ಅದೇ. ಇನ್ನೊಬ್ಬರು ಮುಟ್ಟುತ್ತಾರೆ ಅಂತ ಗೊತ್ತಾದ ಮೇಲೆ ಮೊದಲ ಸಲ ಅವಳು ತನ್ನ ಮೈಯನ್ನು ತನ್ನದು ಅಂತ ತೊಳೆದುಕೊಂಡದ್ದು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಆಮೇಲಿನ ಪುಸ್ತಕಗಳೂ ಇವೆ. ಒಂದರಲ್ಲಿ ಕುಡಿತ ಹೆಚ್ಚಾಗಿ, ಪ್ಯಾಂಕ್ರಿಯಾಸ್ ಕೆಟ್ಟು ಆಸ್ಪತ್ರೆ ಸೇರುತ್ತಾಳೆ. ತನ್ನ ಕತೆ ಬರೆದದ್ದರಿಂದ ಅಪ್ಪ ಅಮ್ಮನಿಗೆ ನೋವಾಯಿತು ಅನ್ನುವುದೂ ಅವಳನ್ನು ಕಾಡುತ್ತದೆ. ಓದುತ್ತಾ ಒಂದೊಂದು ಸಲ ರೇಗುತ್ತದೆ, ಸಾಕು ಮಾರಾಯ್ತಿ ಅನ್ನಿಸುತ್ತದೆ. ರೇಗಿದ ಮೇಲೆ, ಅರೆ, ಇದು ಅಮ್ಮನ ‘ಸಾಕು ಕಣೆ’ ಅಲ್ವಾ ಅಂತ ಹೊಳೆದು ಸುಮ್ಮನಾಗುತ್ತೇನೆ.

ಮಾಂಗಾ ಪುಟದಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ವಿಷಯ ಹೇಳಬೇಕು. ಮಾತಿನ ಗುಳ್ಳೆ ಗೊತ್ತಲ್ಲ, ಪಾತ್ರದ ಬಾಯಿಗೆ ಬಾಲ ತೋರಿಸುವ ಬಲೂನು. ಹಾಗಿಯೋ ಮತ್ತು ಅವರ ವಾರಗೆಯ ಹೆಣ್ಣುಮಕ್ಕಳು 1970ರ ದಶಕದಲ್ಲಿ ಹುಡುಗಿಯರ ಪತ್ರಿಕೆಗಳಿಗೆ ಬಿಡಿಸುವಾಗ ಮನಸ್ಸಿನ ಮಾತನ್ನು ಆ ಗುಳ್ಳೆಯಿಂದ ಬಿಡಿಸಿಬಿಟ್ಟರು. ಮಾತು ಹಾಗೇ ಪುಟದ ಮೇಲೆ ತೇಲುತ್ತಿರುತ್ತದೆ. ಅದಕ್ಕೆ ಗುಳ್ಳೆ ಇಲ್ಲ, ಬಾಲ ಇಲ್ಲ. ಚಿತ್ರದಲ್ಲಿ ಹುಡುಗಿ ಹತ್ತು ಜನರ ನಡುವೆ ನಗುತ್ತಾ ಕೂತಿರುತ್ತಾಳೆ. ಅವಳ ತಲೆಯ ಪಕ್ಕದ ಖಾಲಿ ಜಾಗದಲ್ಲಿ ಒಂದು ಸಾಲು ತೇಲುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಕೇಳುವುದಿಲ್ಲ. ಜನರ ನಡುವಿನ ಒಂಟಿತನವನ್ನು ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ತೋರಿಸುವ ದಾರಿ ನನಗೆ ಬೇರೆ ಗೊತ್ತಿಲ್ಲ. ಸಿನಿಮಾದಲ್ಲಿ ಅದನ್ನೇ ಮಾಡಲು ಹೋದರೆ ಹಿನ್ನೆಲೆಯಲ್ಲಿ ಪಿಟೀಲು ಬರುತ್ತದೆ.

ಮೌನಕ್ಕೂ ಅವರಲ್ಲಿ ಒಂದು ಶಬ್ದ ಇದೆ. ಖಾಲಿ ರೂಮಿನ ಚಿತ್ರದ ಮೇಲೆ ಉದ್ದಕ್ಕೆ ‘ಶೀಈಈನ್’ ಅಂತ ಬರೆದಿರುತ್ತಾರೆ. ಸದ್ದೇ ಇಲ್ಲದ್ದರ ಸದ್ದು. ಮಾಂಗಾ ಲೋಕದ ದೊಡ್ಡ ಹೆಸರು ಒಸಾಮು ತೆಝುಕಾ, ಮಾಂಗಾದಲ್ಲಿ ಇದನ್ನು ತಾವೇ ಶುರು ಮಾಡಿದ್ದು ಅಂತ ಹೇಳಿಕೊಂಡಿದ್ದಾರೆ. ಇಂಗ್ಲಿಷ್ ಅನುವಾದದವರು ಇದನ್ನು ಏನು ಮಾಡಬೇಕು ಅಂತ ತಿಳಿಯದೆ ಒದ್ದಾಡುತ್ತಾರೆ. ಸುಮ್ನೆ ‘ಸೈಲೆನ್ಸ್’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಕನ್ನಡಕ್ಕೆ ಆ ಕಷ್ಟ ಇಲ್ಲ. ನಮ್ಮಲ್ಲಿ ‘ಬಿಕೋ’ ಇದೆ. ಮಕ್ಕಳೆಲ್ಲ ರಜೆ ಮುಗಿಸಿ ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ ಅನ್ನುತ್ತೇವಲ್ಲ, ಆ ‘ಅನ್ನುತ್ತದೆ’ಯನ್ನು ಗಮನಿಸಿ. ಖಾಲಿತನ ಬಾಯಿಬಿಟ್ಟು ಏನೋ ಅನ್ನುತ್ತಿದೆ. ಶೀಈಈನ್ ಅಂದರೆ ಅದೇ. ಯಾರಾದರೂ ಮಾಂಗಾವನ್ನು ಕನ್ನಡಕ್ಕೆ ತಂದರೆ ಈ ಒಂದು ಪದಕ್ಕಾದರೂ ನನ್ನನ್ನು ಕೇಳಲಿ.

ಅಂದ ಹಾಗೆ, ಇಂಥ ಪುಸ್ತಕಗಳ ಬಗ್ಗೆ ಮಾತಾಡಿದ ಕೂಡಲೇ “ಜಪಾನಿನವರು ಹಾಗೇ ಬಿಡಿ, ಒಂಟಿ ಜನ, ರೂಮಿನಿಂದಲೇ ಹೊರಗೆ ಬರಲ್ಲವಂತೆ” ಅನ್ನುವವರು ಇರುತ್ತಾರೆ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಅವರು ತಮ್ಮ ಒಂಟಿತನವನ್ನು ಬಿಡಿಸಿ, ಅಚ್ಚು ಹಾಕಿ, ರೈಲ್ವೆ ಸ್ಟೇಷನ್ ಅಂಗಡಿಯಲ್ಲಿ ಇಟ್ಟಿದ್ದಾರೆ. ಅದಕ್ಕೇ ಅದು ಕಾಣುತ್ತದೆ. ನಾವು ‘ಇಬ್ಬರಿಗೆ’ ಅಂತ ಪಾರ್ಸಲ್ ಕಟ್ಟಿಸಿಕೊಂಡು ಬರುತ್ತೇವೆ.

ಮಾಂಗಾ ಎಲ್ಲವೂ ಹೀಗೆ ಸೂಕ್ಷ್ಮ ಅಂತ ನಾನು ಹೇಳುತ್ತಿಲ್ಲ. ದಪ್ಪ ಹುಡುಗ ಬಂದರೆ ಅವನು ತಿಂಡಿಪೋತ, ಬಿದ್ದರೆ ನೆಲ ಅದುರಬೇಕು, ಇಂಥ ಸವಕಲು ತಮಾಷೆ ಅಲ್ಲಿಯೂ ರಾಶಿ ರಾಶಿ ಇದೆ. ಹುಡುಗಿಯರ ಸೊಂಟ ಪೆನ್ಸಿಲಿನಷ್ಟು ಇರುತ್ತದೆ. ಅದನ್ನು ನೋಡಿ ಬೆಳೆದವರೇ ಆಮೇಲೆ ಕೂತು ಅದಕ್ಕೆ ಉತ್ತರ ಬರೆದಿದ್ದಾರೆ ಅನ್ನಿಸುತ್ತದೆ.

ಯೋಶಿತೋಕಿ ಓಯಿಮಾ ಅವರ ‘ಎ ಸೈಲೆಂಟ್ ವಾಯ್ಸ್’ ಬಹಳ ಜನ ಸಿನಿಮಾ ಆಗಿ ನೋಡಿರುತ್ತೀರಿ. 2013-14ರಲ್ಲಿ ವಾರಪತ್ರಿಕೆಯಲ್ಲಿ ಬಂದದ್ದು, ಏಳು ಸಂಪುಟ. ಕಿವಿ ಕೇಳದ ಶೋಕೋ ಅನ್ನುವ ಹುಡುಗಿಯನ್ನು ಶಾಲೆಯಲ್ಲಿ ಕಾಡಿಸಿದ ಶೋಯಾ ಅನ್ನುವ ಹುಡುಗ, ಆಮೇಲೆ ತಾನೇ ಒಂಟಿಯಾಗುತ್ತಾನೆ. ಹೈಸ್ಕೂಲಿನ ಹೊತ್ತಿಗೆ ಅವನಿಗೆ ಯಾರ ಮುಖವನ್ನೂ ನೋಡಲಾಗುವುದಿಲ್ಲ. ಓಯಿಮಾ ಎಲ್ಲರ ಮುಖದ ಮೇಲೂ ದೊಡ್ಡ ಇಂಟು ಗುರುತು ಹಾಕಿಬಿಡುತ್ತಾರೆ. ಟೀಚರ್ ಉತ್ತರಪತ್ರಿಕೆಗೆ ಹಾಕುತ್ತಾರಲ್ಲ, ಹಾಗೆ. ಇಲ್ಲೂ ಅದೇ, ‘ಥರ’ ಇಲ್ಲ. ತರಗತಿ ತುಂಬಾ ಇಂಟು ಗುರುತುಗಳು ಕೂತು ಹರಟುತ್ತಿವೆ. ಮೊದಲು ಕಳಚಿ ಬೀಳುವ ಇಂಟು ನಾಗತ್ಸುಕಾ ಅನ್ನುವ ಹುಡುಗನದ್ದು. ಕುಳ್ಳ, ದುಂಡಗೆ, ತಲೆ ತುಂಬಾ ಗುಂಗುರು ಕೂದಲು. ಅವನ ಸೈಕಲ್ಲನ್ನು ಯಾರೋ ಕಿತ್ತುಕೊಳ್ಳಲು ಬಂದಾಗ ಶೋಯಾ ತನ್ನ ಸೈಕಲ್ ಕೊಟ್ಟು ಕಳಿಸುತ್ತಾನೆ, ಅಷ್ಟಕ್ಕೇ ಗೆಳೆತನ. ಬೇರೆ ಕತೆಯಲ್ಲಾಗಿದ್ದರೆ ನಾಗತ್ಸುಕಾ ನಗಿಸಲು ಬಂದ ದಪ್ಪ ಹುಡುಗ ಅಷ್ಟೇ. ಇಲ್ಲಿಯೂ ನಗಿಸುತ್ತಾನೆ, ಆದರೆ ಇಂಟು ಇಲ್ಲದ ಮೊದಲ ಮುಖ ಅವನದು. ಈ ಕತೆಯ ಬಗ್ಗೆ ನನ್ನದೊಂದು ತಕರಾರೂ ಇದೆ. ಇಂಟು ಬಿದ್ದದ್ದು, ಎದ್ದದ್ದು ಎಲ್ಲ ಶೋಯಾನ ಕಣ್ಣಿನಿಂದ. ಶೋಕೋಗೆ ಆ ಮುಖಗಳೆಲ್ಲ ಹೇಗೆ ಕಾಣುತ್ತಿದ್ದವು? ಅವಳು ಜಾಸ್ತಿ ಹೊತ್ತು ಸುಮ್ನೆ ನಗುತ್ತಾ, ಕ್ಷಮೆ ಕೇಳುತ್ತಾ ಇರುತ್ತಾಳೆ.

ಇನಿಯೋ ಅಸಾನೋ ಅವರ ‘ಗುಡ್‌ನೈಟ್ ಪುನ್‌ಪುನ್’ ಬಗ್ಗೆಯೂ ಒಂದು ಮಾತು. 13 ಸಂಪುಟ. ಊರು, ರಸ್ತೆ, ಕರೆಂಟ್ ಕಂಬ ಎಲ್ಲವೂ ಫೋಟೋ ಥರ. ಅದರ ನಡುವೆ ನಾಯಕ ಮಾತ್ರ ಮಗು ಗೀಚಿದ ಹಕ್ಕಿಯ ಆಕಾರ. ಅವನ ಮುಖವನ್ನು ಇಡೀ ಕತೆಯಲ್ಲಿ ನಾವು ನೋಡುವುದೇ ಇಲ್ಲ ಅನ್ನಬಹುದು. ಮನಸ್ಸು ಕೆಟ್ಟಾಗ ಹಕ್ಕಿಯೂ ಹೋಗಿ ಬರೀ ಮುಮ್ಮೂಲೆಯ ಗೋಪುರವಾಗುತ್ತಾನೆ. ಅದ್ಭುತವಾದ ಯೋಚನೆ. ಆದರೆ ಏಳನೇ ಸಂಪುಟದ ಹೊತ್ತಿಗೆ ನನಗೆ ಉಸಿರು ಕಟ್ಟಿತು. ಮುಗಿಸಿದ್ದು ಹಟಕ್ಕೆ.

ಮೈ ಅಂದರೆ ಮಾಂಸ, ಚರ್ಬಿ, ತೂಕ ಅಂತ ನೇರವಾಗಿ ಹಿಡಿದವರು ಇಬ್ಬರು. ಮೋಯೋಕೋ ಅನ್ನೋ ಅವರ ಕತೆಯೊಂದಿದೆ, ‘ಇನ್ ಕ್ಲೋತ್ಸ್ ಕಾಲ್ಡ್ ಫ್ಯಾಟ್’. ಚರ್ಬಿ ಅನ್ನುವ ಬಟ್ಟೆ ತೊಟ್ಟು. ನೋಕೋ ಅನ್ನುವ ಆಫೀಸ್ ಹುಡುಗಿ ದಪ್ಪ ಇದ್ದಾಳೆ. ಸಣ್ಣಗಾದರೆ ಎಲ್ಲ ಸರಿಹೋಗುತ್ತದೆ ಅಂತ ಸಣ್ಣಗಾಗುತ್ತಾಳೆ. ಸರಿಹೋಗುವುದಿಲ್ಲ. ಅವಳ ಹುಡುಗನಿಗೆ ಅವಳು ದಪ್ಪ ಇದ್ದದ್ದೇ ಅನುಕೂಲವಾಗಿತ್ತು, ಎಲ್ಲಿಗೂ ಬಿಟ್ಟುಹೋಗಲಾರಳು ಅಂತ. ಈ ಸತ್ಯವನ್ನು ಇಷ್ಟು ತಣ್ಣಗೆ ಹೇಳಿದವರನ್ನು ನಾನು ನೋಡಿಲ್ಲ. ಎರಡನೇ ಸಲ ಓದುವ ಧೈರ್ಯ ಮಾಡಿಲ್ಲ.

ಇನ್ನೊಬ್ಬರು ಕ್ಯೋಕೋ ಓಕಾಝಾಕಿ. ‘ಹೆಲ್ಟರ್ ಸ್ಕೆಲ್ಟರ್’ 1995ರಿಂದ 96ರವರೆಗೆ ಪತ್ರಿಕೆಯಲ್ಲಿ ಬಂತು. ಲಿಲಿಕೋ ಅನ್ನುವ ದೊಡ್ಡ ಮಾಡೆಲ್. ಮೂಳೆ, ಕಣ್ಣುಗುಡ್ಡೆ, ಉಗುರು, ಹೀಗೆ ಬೆರಳೆಣಿಕೆಯಷ್ಟು ಬಿಟ್ಟರೆ ಅವಳ ಮೈಯೆಲ್ಲ ಸರ್ಜರಿಯದ್ದು. ಒಂದು ದಿನ ಹಣೆ ಮೇಲೆ ಕಪ್ಪು ಕಲೆ ಏಳುತ್ತದೆ. ಮೈ ಒಳಗಿನಿಂದ ಕೆಡಲು ಶುರುವಾಗಿದೆ. ಓಕಾಝಾಕಿಯ ಗೆರೆಗೆ ಸಮಾಧಾನವೇ ಇಲ್ಲ, ಓಡಿಕೊಂಡೇ ಬಿಡಿಸಿದ ಹಾಗಿರುತ್ತದೆ. ಅಷ್ಟು ಚೆಲುವೆ ಅಂತ ಊರೆಲ್ಲ ಹೊಗಳುವವಳನ್ನು ಅವರು ಚೆಂದವಾಗಿ ಬಿಡಿಸುವ ಗೋಜಿಗೇ ಹೋಗುವುದಿಲ್ಲ. ಕತೆ ಪತ್ರಿಕೆಯಲ್ಲಿ ಮುಗಿದ ಸ್ವಲ್ಪ ದಿನಕ್ಕೆ, 1996ರ ಮೇ ತಿಂಗಳಲ್ಲಿ, ಕುಡಿದವನೊಬ್ಬ ಓಡಿಸುತ್ತಿದ್ದ ಕಾರು ಅವರಿಗೆ ಗುದ್ದಿತು. ಬದುಕಿಕೊಂಡರು, ಆದರೆ ಮತ್ತೆ ಮೊದಲಿನಂತೆ ಬಿಡಿಸಲಾಗಲಿಲ್ಲ. ಪುಸ್ತಕ ಬಂದದ್ದು 2003ರಲ್ಲಿ, ಮಾರನೇ ವರ್ಷ ಅದಕ್ಕೆ ತೆಝುಕಾ ಹೆಸರಿನ ಪ್ರಶಸ್ತಿ ಬಂತು. ಮೈ ಕೈಕೊಡುವ ಕತೆ ಬಿಡಿಸಿದವರಿಗೆ ಹೀಗಾಯಿತು ಅಂತ ಜನ ಏನೇನೋ ಅರ್ಥ ಹಚ್ಚುತ್ತಾರೆ. ನನಗೆ ಅದು ಬರೀ ಅನ್ಯಾಯ ಅನ್ನಿಸುತ್ತದೆ, ಬೇರೇನೂ ಇಲ್ಲ.

ಇಗ್ವಾನಾ ಕತೆ ಎಲ್ಲಿ ಮುಗಿಯುತ್ತದೆ ಅಂತ ನಾನಿನ್ನೂ ಹೇಳಿಲ್ಲ.

ರಿಕಾಗೆ ಮದುವೆಯಾಗುತ್ತದೆ. ಮಗಳು ಹುಟ್ಟುತ್ತಾಳೆ. ಹುಟ್ಟಿದ್ದು ಮನುಷ್ಯರ ಮಗು. ಹಾಗಾದರೆ ಖುಷಿಯಾಗಬೇಕಿತ್ತು. ಆಗುವುದಿಲ್ಲ. ತನ್ನ ಹಾಗೆ ಇಲ್ಲದ ಆ ಮಗುವಿನ ಮೇಲೆ ಅವಳಿಗೆ ಪ್ರೀತಿ ಹುಟ್ಟುವುದಿಲ್ಲ. ಅಷ್ಟರಲ್ಲಿ ಅಮ್ಮ ಸತ್ತ ಸುದ್ದಿ ಬರುತ್ತದೆ. ಊರಿಗೆ ಹೋಗಿ, ಮಲಗಿಸಿದ್ದ ಅಮ್ಮನ ಮುಖ ನೋಡುತ್ತಾಳೆ. ಅಲ್ಲಿ ಮಲಗಿರುವುದು ಇಗ್ವಾನಾ. ರಿಕಾಳದ್ದೇ ಮುಖ.

ಆಮೇಲೆ ಒಂದು ಕನಸು ಬರುತ್ತದೆ. ಮನುಷ್ಯನನ್ನು ಮೆಚ್ಚಿ, ಮನುಷ್ಯಳಾಗಬೇಕು ಅಂತ ಬೇಡಿಕೊಂಡ ಒಂದು ಇಗ್ವಾನಾ ರಾಜಕುಮಾರಿಯ ಕನಸು. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು ಮಗಳ ಮೈಯಲ್ಲಿ ಎದ್ದು ಕಂಡರೆ ಆ ತಾಯಿ ಇನ್ನೇನು ಮಾಡಿಯಾಳು.

ಎದ್ದು ಕಾಣುತ್ತೆ. ಅಮ್ಮನ ಮಾತು.

ಹೋದ ದೀಪಾವಳಿಗೆ ತುಮಕೂರಿಗೆ ಹೋಗಿದ್ದೆ. ಅಟ್ಟದ ಟ್ರಂಕು ಇಳಿಸಿ ಖಾಲಿ ಮಾಡಬೇಕಿತ್ತು, ಇಲಿ ಸೇರಿಕೊಂಡಿದೆ ಅಂತ ಅಮ್ಮನಿಗೆ ಅನುಮಾನ. ಇಲಿ ಇರಲಿಲ್ಲ. ನುಸಿಗುಳಿಗೆ ವಾಸನೆಯ ಹಳೇ ಸೀರೆಗಳು, ನನ್ನ ಕುಲಾವಿ, ಅಜ್ಜನ ಶಾಲು. ಕೆಳಗೆ ಒಂದು ಮೆರೂನ್ ಬ್ಲೌಸ್, ಅಮ್ಮನ ಮದುವೆ ಕಾಲದ್ದು. ಎತ್ತಿಕೊಂಡೆ. ಅದು ನನ್ನ ಗಿಳಿಹಸಿರಿಗಿಂತ ಚಿಕ್ಕದು. ಬದಿಯ ಹೊಲಿಗೆ ನೋಡೋಣ ಅಂತ ಒಳಮಗ್ಗುಲು ತಿರುಗಿಸಿದೆ.

ಎರಡೂ ಬದಿಯಲ್ಲಿ ಸೂಜಿ ತೂತುಗಳ ಸಾಲು. ಒಂದಲ್ಲ, ಮೂರು. ಮೊದಲ ಹೊಲಿಗೆ ಬಿಚ್ಚಿ ಅರ್ಧ ಇಂಚು ಹೊರಗೆ ಹಾಕಿದ್ದಾರೆ, ಅದನ್ನೂ ಬಿಚ್ಚಿ ಇನ್ನೊಂದು, ಅದನ್ನೂ ಬಿಚ್ಚಿ ಮತ್ತೊಂದು. ಮಷೀನ್ ಹೊಲಿಗೆ ಮೊದಲನೆಯದು ಮಾತ್ರ. ಉಳಿದವು ಕೈಹೊಲಿಗೆ, ಅಮ್ಮನ ಕೈಯದ್ದು, ಸಣ್ಣಸಣ್ಣ ಓರೆ ಹೊಲಿಗೆ. ಟೈಲರ್ ಹತ್ತಿರ ಹೋಗದೆ ಮನೆಯಲ್ಲೇ ಕೂತು ಬಿಚ್ಚಿ ಹಾಕಿಕೊಂಡದ್ದು. ಒಳಗಿದ್ದು ಆಮೇಲೆ ಹೊರಗೆ ಬಂದ ಬಟ್ಟೆ ಇನ್ನೂ ಹೊಸದರ ಹಾಗೆ ಗಾಢ ಮೆರೂನ್. ಉಳಿದದ್ದೆಲ್ಲ ಬಿಸಿಲಿಗೆ, ಬೆವರಿಗೆ ಬಣ್ಣ ಬಿಟ್ಟಿದೆ. ಕೊನೆಯ ಹೊಲಿಗೆ ಬಟ್ಟೆಯ ಅಂಚಿಗೇ ಇತ್ತು. ಅದರಾಚೆ ಬಿಚ್ಚಲು ಇನ್ನೇನೂ ಇರಲಿಲ್ಲ.

ಅಮ್ಮ ನನ್ನ ಕೈಯಲ್ಲಿ ಅದನ್ನು ನೋಡಿದಳು. ನಾನು ಅದನ್ನು ಬಿಸಾಕುವ ಗುಡ್ಡೆಗೆ ಹಾಕುತ್ತೇನೆ ಅಂದುಕೊಂಡಳೋ ಏನೋ.

“ಅದನ್ನ ಎಸೀಬೇಡ ಕಣೆ” ಅಂದಳು. “ಅಳತೆಗೆ ಬೇಕು.”

ಯಾರ ಅಳತೆಗೆ ಅಂತ ನಾನು ಕೇಳಲಿಲ್ಲ. ಮೊದಲಿದ್ದ ಮಡಿಕೆಯಲ್ಲೇ ಮಡಚಿ, ಸೀರೆಗಳ ಕೆಳಗೆ ವಾಪಸ್ ಇಟ್ಟೆ.